ಮಲೆನಾಡಿನ ಚಳಿ, ನಮ್ಮ ಕುದುರೆಗಳು

ಚಳಿ ಶುರುವಾಯಿತೆಂದರೆ ನಮ್ಮ ಕುದುರೆ ಬಳಗಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಕಂಬಳಿ ವಿಚಾರ. "ರಾತ್ರಿ ಹೊದೆಸಬೇಕಾ ಅಣ್ಣಾ?" ಬೇಡ ಎನ್ನುತ್ತೇನೆ. ಶಿವಮೊಗ್ಗದ ಸುತ್ತ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಗಟ್ಟಿಮುಟ್ಟಾದ ಕುದುರೆಗೆ ಅದರ ಕೂದಲೇ ಸಾಕು. ಕಂಬಳಿ ಹೊದೆಸಿ ಬಿಸಿಲೇರುವ ತನಕ ಬಿಟ್ಟರೆ ಒಳಗೆ ಬೆವತು ಮೈ ಒದ್ದೆಯಾಗುತ್ತದೆ. ಎಳೆಮರಿ, ಮುದಿ ಕುದುರೆ, ಕಾಯಿಲೆಯಿಂದ ಸೊರಗಿದ್ದು, ಇವುಗಳ ಮಾತು ಬೇರೆ.

ಕುದುರೆಯನ್ನು ಬೆಚ್ಚಗಿಡುವುದು ಹುಲ್ಲು. ದೊಡ್ಡ ಕರುಳಿನಲ್ಲಿ ನಾರು ಹುಳಿಯುವಾಗ ಹುಟ್ಟುವ ಶಾಖವೇ ಮೈಗೆಲ್ಲ ಹರಡುತ್ತದೆ. ಅದಕ್ಕೇ ಚಳಿಯಲ್ಲಿ ನಾನು ಹುರುಳಿ ಹೆಚ್ಚಿಸುವುದಿಲ್ಲ, ರಾತ್ರಿಯ ಹುಲ್ಲನ್ನು ಹೆಚ್ಚಿಸುತ್ತೇನೆ. ಎಷ್ಟು ಕೊಡಬೇಕು ಎನ್ನುವುದಕ್ಕೆ ತೂಕ ಗೊತ್ತಿರಬೇಕು. ಬಳಗದಲ್ಲಿ ಚಳಿಗಾಲದ ಮೊದಲ ಕೆಲಸವೇ ಇದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪಿರ್ರೆಯ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯುತ್ತೇವೆ. ದರ್ಜಿಯ ಟೇಪು 150ಕ್ಕೇ ಮುಗಿಯುವುದರಿಂದ ದಾರ ಸುತ್ತಿ ಆಮೇಲೆ ದಾರವನ್ನು ಅಳೆಯುವುದು ಸುಲಭ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಲೆಕ್ಕ ಸಿಗುತ್ತದೆ. ನನ್ನ ಕಾಠಿಯಾವಾಡಿ ಹೆಣ್ಣುಕುದುರೆಗೆ 165 ಸುತ್ತಳತೆ, 150 ಉದ್ದ. ಅಂದರೆ ಸುಮಾರು 344 ಕಿಲೋ. ನೂರಕ್ಕೆ ಎರಡು ಕಿಲೋ ಲೆಕ್ಕ ಹಿಡಿದು ದಿನಕ್ಕೆ ಏಳು ಕಿಲೋ ಒಣಹುಲ್ಲು.

ಆ ಹುಲ್ಲಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಕೊಯ್ಲಾದ ಹೊಸ ಭತ್ತದ ಹುಲ್ಲನ್ನು ಇಬ್ಬನಿ ಆರುವ ಮೊದಲೇ ಬಣವೆ ಹಾಕಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಮೊಣಕೈವರೆಗೆ ಕೈ ತೂರಿಸಿ ನೋಡುತ್ತೇನೆ. ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಅದು ಕುದುರೆಗಲ್ಲ. ಬೂಷ್ಟಿನ ದೂಳು ಕುದುರೆಯ ಶ್ವಾಸಕೋಶವನ್ನು ಹಾಳುಮಾಡುತ್ತದೆ, ಒಮ್ಮೆ ದಮ್ಮು ಅಂಟಿದರೆ ಜನ್ಮಕ್ಕೂ ಬಿಡುವುದಿಲ್ಲ. ಒಳ್ಳೆಯ ಹುಲ್ಲನ್ನೂ ಕೊಡವಿ, ನೀರು ಚಿಮುಕಿಸಿಯೇ ಹಾಕುತ್ತೇನೆ.

ಚಳಿಯಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ನೀರು. ತೊಟ್ಟಿಯ ನೀರು ಕೊರೆಯುವಾಗ ಕುದುರೆ ಮೂತಿ ಅದ್ದಿ ಸುಮ್ಮನಾಗುತ್ತದೆ. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಲದ್ದಿ ಕರುಳಿನಲ್ಲೇ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಬಕೆಟ್ಟಿನಲ್ಲೇ ಕುಡಿಸಿದರೆ ಎಷ್ಟು ಇಳಿಯಿತೆಂದು ತಿಳಿಯುತ್ತದೆ. ಈ ಗಾತ್ರದ ಕುದುರೆಗೆ ದಿನಕ್ಕೆ 20 ಲೀಟರಾದರೂ ಬೇಕು. ಬಚ್ಚಲ ಹಂಡೆ ಬೆಳಗ್ಗೆ ಹೇಗೂ ಕಾದಿರುತ್ತದೆ, ಎರಡು ತಂಬಿಗೆ ಬೆರೆಸಿ ಚಳಿ ಮುರಿಯುತ್ತೇನೆ. ನೆನೆಸಿದ ಹುರುಳಿಗೆ ಒಂದು ಚಮಚ ಉಪ್ಪು. ಮಲಗುವ ಮುನ್ನ ಪಕ್ಕೆಗೆ ಕಿವಿಯಿಟ್ಟು ಆಲಿಸುತ್ತೇನೆ. ಎರಡೂ ಕಡೆ ಗುಡುಗುಡು ಕೇಳಬೇಕು. ಕೇಳದೆ, ಕುದುರೆ ಕಾಲು ಕೆರೆಯುತ್ತ ಹೊಟ್ಟೆ ತಿರುಗಿ ನೋಡುತ್ತಿದ್ದರೆ ಬೆಳಗಿನ ತನಕ ಕಾಯಬೇಡಿ. ಕುದುರೆ ವಾಂತಿ ಮಾಡಲಾರದು. ದನಕ್ಕೆ ಹಾಕಿದ ಹಾಗೆ ಗೊಟ್ಟದಲ್ಲಿ ಎಣ್ಣೆಯನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ನಳಿಗೆ ಇಳಿಸಿಯೇ ಕೊಡಬೇಕು. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮಂಥವರ ಪುಣ್ಯ.

ಭಾನುವಾರದ ಸವಾರಿ ಮಂಜು ಕರಗಿದ ಮೇಲೆ, ಕೊಯ್ಲಾದ ಗದ್ದೆಬಯಲಿನಲ್ಲಿ. ಕಾಡಿಗೆ ಹೋಗುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದನ್ನು ಹರಡುವ ಉಣುಗಿನ ಕಾಲ. ಲಾಯಕ್ಕೆ ಹಾಸಲು ಕಾಡಿನ ದರಕು, ಅಂದರೆ ಉದುರಿದ ಒಣ ಎಲೆ, ತರುವುದನ್ನೂ ಬಳಗದವರೆಲ್ಲ ಬಿಟ್ಟಿದ್ದೇವೆ, ಮರದ ಹೊಟ್ಟು ಹಾಸುತ್ತೇವೆ. ಕುದುರೆಯ ಕಿವಿ, ಕೇಸರ, ಬಾಲದ ಬುಡ, ತೊಡೆಸಂದುಗಳನ್ನು ದಿನಾ ಕೈಯಾಡಿಸಿ ನೋಡಬೇಕು. ಒಂದು ಮಾತು ಮಾತ್ರ ಮರೆಯಬೇಡಿ: ದನದ ಉಣುಗಿಗೆ ಬಳಸುವ ಅಮಿಟ್ರಾಜ್ ಔಷಧಿಯನ್ನು ಕುದುರೆಗೆ ಸೋಕಿಸಲೇಬಾರದು. ಕರುಳಿನ ಚಲನೆಯೇ ನಿಂತುಬಿಡುತ್ತದೆ.

ಇಬ್ಬನಿಯಲ್ಲಿ ಮೇಯುವ ಕುದುರೆಗೆ ಗೊರಸಿನ ಅಡಿಯ ಮೆತ್ತನೆ ಭಾಗ ಕೊಳೆಯುವುದುಂಟು. ಕಪ್ಪು ಕಸರು, ಕೆಟ್ಟ ನಾತ, ಇದೇ ಗುರುತು. ದಿನಾ ಕೆರೆದು ತೆಗೆದು ಒಣಗಿಸಿದರೆ ಮುಕ್ಕಾಲು ಪಾಲು ಅಲ್ಲೇ ವಾಸಿ. ಅಡಿಕೆ ಕೊಳೆಗೆ ತಂದ ಮೈಲುತುತ್ತ ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನು ತೀರಾ ತೆಳ್ಳಗೆ ಕಲಸಿ ಹತ್ತಿಯಲ್ಲಿ ಒತ್ತುತ್ತೇನೆ. ಗಟ್ಟಿಯಾದರೆ ಜೀವಂತ ಚರ್ಮವನ್ನೇ ಸುಡುತ್ತದೆ. ಲಾಳ ಕಟ್ಟುವವರು ಈ ಕಡೆ ಅಪರೂಪ. ಹಾಗಾಗಿ ಆರರಿಂದ ಎಂಟು ವಾರಕ್ಕೊಮ್ಮೆ ಒಂದು ದಿನ ಗೊತ್ತುಮಾಡಿ, ಎಲ್ಲರೂ ಕುದುರೆಗಳನ್ನು ಒಂದೇ ಅಂಗಳಕ್ಕೆ ಹೊಡೆದುಕೊಂಡು ಬರುತ್ತೇವೆ, ಖರ್ಚು ಹಂಚಿಕೊಳ್ಳುತ್ತೇವೆ. ಧನುರ್ವಾಯು ಚುಚ್ಚುಮದ್ದಿನ ತಾರೀಖನ್ನೂ ಅವತ್ತೇ ಎಲ್ಲರ ಪುಸ್ತಕದಲ್ಲಿ ನೋಡಿ ಬರೆದುಕೊಳ್ಳುವುದು ವಾಡಿಕೆ.