ಆಟಿಯಲ್ಲಿ ಸೋಮವಾರ ಸಂಜೆಯ ರೈಲು

ಉಡುಪಿಯಲ್ಲಿ ನನ್ನದು ಶಾಮಿಯಾನದ ವ್ಯವಹಾರ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಭೂತಕೋಲವಿಲ್ಲ, ಯಕ್ಷಗಾನದ ಆಟವಿಲ್ಲ. ತುಳುವರ ಆಟಿ ತಿಂಗಳಿನಲ್ಲಂತೂ (ಜುಲೈ–ಆಗಸ್ಟ್) ಒಂದು ಮದುವೆಯೂ ಇಲ್ಲ. ಊರೂರು ನೋಡುವ ಹಂಬಲವಿರುವ ನನಗೆ ವರ್ಷದಲ್ಲಿ ಬಿಡುವು ಸಿಗುವುದು ಉಳಿದವರೆಲ್ಲ ಮನೆಯೊಳಗೆ ಕುಳಿತಿರುವ ಆ ದಿನಗಳಲ್ಲಿ ಮಾತ್ರ. "ಈ ಮಳೆಗೆ ಪೇಟೆ ನೋಡ್ಲಿಕ್ಕೆ ಹೋಗುವವರುಂಟಾ ಮಾರಾಯಾ, ಅದೂ ಒಬ್ಬನೇ?" ಎಂದು ಭಾವ ಐದು ವರ್ಷಗಳ ಹಿಂದೆ ಕೇಳಿದ್ದರು. ಮೊದಲ ಮೂರು ಮಳೆಗಾಲ ಅವರ ಮಾತೇ ಗೆದ್ದಿತು. ಆದರೆ ಕಳೆದ ಎರಡು ಮಳೆಗಾಲಗಳಲ್ಲಿ ಆರು ಸಲ ಹೋಗಿ ಬಂದಿದ್ದೇನೆ, ಒಂದು ಸಲವೂ ಕೆಡಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಕೆಟ್ಟದ್ದು ಕೊಚ್ಚಿಯಲ್ಲಿ. ಗುರುವಾರ ಮಧ್ಯಾಹ್ನ ಮನಸ್ಸಾಯಿತು, ಸಂಜೆ ಮಂಗಳೂರು ಸೆಂಟ್ರಲ್‌ನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆ. ಆ ರೈಲು ಎರ್ನಾಕುಲಂ ಮುಟ್ಟುವುದು ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಳಕಾಗುವವರೆಗೆ ವೇಟಿಂಗ್ ರೂಮಿನಲ್ಲಿ ಒದ್ದೆ ಪ್ಯಾಂಟಿನಲ್ಲಿ ಕುಳಿತೆ. ಬ್ಯಾಗಿಗೆ ಬೀಗವಿಲ್ಲವೆಂದು ಕ್ಲೋಕ್ ರೂಮಿನಲ್ಲಿ ತೆಗೆದುಕೊಳ್ಳಲಿಲ್ಲ, ಆದ್ದರಿಂದ ಅದನ್ನು ಬೆನ್ನಿಗೆ ಹಾಕಿಕೊಂಡೇ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ದಾಟಿದೆ. ಅಂದು ಶುಕ್ರವಾರ, ಮಟ್ಟಾಂಚೇರಿ ಅರಮನೆಗೆ ರಜೆ. ಅಲ್ಲಿನ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡಲೇಬೇಕೆಂದು ಮರುದಿನ ಮತ್ತೆ ಹೋದಾಗ ಅರಮನೆಯೇನೋ ತೆರೆದಿತ್ತು, ಆದರೆ ಶನಿವಾರ ಯೆಹೂದಿಗಳ ವಿಶ್ರಾಂತಿಯ ದಿನವಾದ (ಸಬ್ಬತ್) ಕಾರಣ ಪಕ್ಕದಲ್ಲಿರುವ 1568ರ ಅವರ ಪ್ರಾರ್ಥನಾ ಮಂದಿರ, ಸಿನಗಾಗ್, ಮುಚ್ಚಿತ್ತು. ನಡುವಿನ ರಾತ್ರಿಯ ಕಥೆ ಇನ್ನೂ ಕಷ್ಟದ್ದು. ಮೂರು ಲಾಡ್ಜ್‌ಗಳಲ್ಲಿ ಒಬ್ಬರೇ ಬಂದವರಿಗೆ ರೂಮ್ ಕೊಡುವುದಿಲ್ಲ ಎಂದರು; ನಾಲ್ಕನೆಯದರಲ್ಲಿ ಸುಮಾರು 2,200 ರೂಪಾಯಿ ಕೊಟ್ಟು ಮಲಗಿದೆ. ಒಟ್ಟು ಖರ್ಚು 6,000ಕ್ಕೆ ಹತ್ತಿರ ಬಂದಿತ್ತು.

ಎರಡನೆಯ ವರ್ಷ ಮೈಸೂರಿಗೆಂದು ಬಸ್ಸಿನಲ್ಲಿ ಹೊರಟವನು ಶಿರಾಡಿಯಲ್ಲಿ ಗುಡ್ಡ ಕುಸಿದು ಏಳು ಗಂಟೆ ರಸ್ತೆಯಲ್ಲೇ ಕಳೆದು ಮರಳಿದೆ. ಆಟಿಯಲ್ಲಿ ಘಾಟಿ ಹತ್ತಬಾರದೆಂದು ಅಂದೇ ತೀರ್ಮಾನಿಸಿದೆ. ಮೂರನೆಯ ವರ್ಷ ಜೂನ್ 24ರ ಸಾಂವ್ ಜುವಾಂವ್ ಹಬ್ಬ ನೋಡಲು ಗೋವಾಕ್ಕೆ ಹೋದೆ. ಹೂವು, ಬಳ್ಳಿಗಳ ಕಿರೀಟ ತೊಟ್ಟ ಹುಡುಗರು ಬಾವಿಗೆ ಹಾರುವುದನ್ನು ಕಣ್ಣಾರೆ ಕಂಡೆ, ಪಣಜಿಯ ಫೌಂಟೇನ್ಹಾಸ್ ಓಣಿಗಳಲ್ಲಿ ಒಂದಿಡೀ ಬೆಳಿಗ್ಗೆ ಕೊಡೆ ಹಿಡಿದು ನಡೆದೆ. ಅದು ಇಂದಿಗೂ ನನ್ನ ಮೆಚ್ಚಿನ ನಡಿಗೆ. ಹಿಂದಿರುಗುವಾಗ ಮಾತ್ರ ರೈಲು ಸುಮಾರು ಐದು ಗಂಟೆ ತಡ. ಜೋರು ಮಳೆಗೆ ಕೊಂಕಣದ ಹಳಿಯಲ್ಲಿ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸುತ್ತಾರೆ. ಅದು ನಮ್ಮ ಜೀವ ಕಾಯುವ ನಿಯಮ, ದೂರುವಂತಿಲ್ಲ. ಆದರೆ ಎರಡು ದಿನದ ಪ್ರಯಾಣದಲ್ಲಿ ಐದು ಗಂಟೆ ಎಂದರೆ ಅರ್ಧ ದಿನವೇ ಹೋದಂತೆ.

ಮಳೆಗಾಲದಲ್ಲಿ ದೂರದಿಂದ ಬರುವ ರೈಲನ್ನು ನಂಬಿ ಹೊರಡಬಾರದು, ನಮ್ಮೂರಿನಲ್ಲೇ ಹುಟ್ಟುವ ರೈಲನ್ನು ಹಿಡಿಯಬೇಕು ಎಂಬುದು ನನಗೆ ಹೊಳೆದದ್ದು ಆಗ. ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ ಮತ್ತು ಮಲಬಾರ್ ಎರಡೂ ಅಂಥವು, ಎರಡೂ ಬೆಳಿಗ್ಗೆ ತಿರುವನಂತಪುರ ಮುಟ್ಟುತ್ತವೆ. ಇನ್ನು ದಿನದ ಲೆಕ್ಕ. ಸೋಮವಾರ ಮ್ಯೂಸಿಯಂಗಳಿಗೆ ರಜೆ, ಶುಕ್ರವಾರ ಅರಮನೆಗೆ ರಜೆ, ವಾರಾಂತ್ಯಕ್ಕೆ ಬರ್ತ್ ಸಿಗುವುದಿಲ್ಲ. ಉಳಿಯುವುದು ಸೋಮವಾರ ಸಂಜೆ ಹೊರಟು ಮಂಗಳವಾರ ಬೆಳಿಗ್ಗೆ ಇಳಿಯುವ ದಾರಿ. ಸೋಮವಾರ ಚಾರ್ಟ್ (ಕಾದಿರಿಸಿದವರ ಪಟ್ಟಿ) ಆದ ಮೇಲೆ, ಉಳಿದ ಸೀಟುಗಳನ್ನು ಮಾರುವ ಕರೆಂಟ್ ಬುಕಿಂಗ್‌ನಲ್ಲಿ ಬರ್ತ್ ಕಂಡರೆ ಹೊರಡುತ್ತೇನೆ, ಕಾಣದಿದ್ದರೆ ಶಾಮಿಯಾನದ ಬಟ್ಟೆಗೆ ಬೂಷ್ಟು ಹಿಡಿಯದಂತೆ ಹರವುವ ಕೆಲಸಕ್ಕೆ ಕೂರುತ್ತೇನೆ. ಆರು ಸಲದಲ್ಲಿ ನಾಲ್ಕು ಸಲ ಹೀಗೆಯೇ ಸಿಕ್ಕಿತು. ಉಳಿದ ಎರಡು ಸಲ ಯಾವ ನಿಲ್ದಾಣದ ಹೆಸರು ಹಾಕಿ ಹುಡುಕಿದೆ ಎಂಬುದನ್ನು ಇಲ್ಲಿ ಹೇಳಲಾರೆ. ಎಲ್ಲರೂ ಹುಡುಕಲು ತೊಡಗಿದರೆ ಅದು ನನಗೂ ಉಳಿಯುವುದಿಲ್ಲ.

ತಂಗುವ ಚಿಂತೆಯನ್ನು ನಿಲ್ದಾಣದಲ್ಲೇ ಪ್ರಯಾಣಿಕರಿಗೆ ಬಾಡಿಗೆಗೆ ಸಿಗುವ ರೈಲ್ವೆಯ ರಿಟೈರಿಂಗ್ ರೂಮ್ ಪರಿಹರಿಸಿತು. ಖಚಿತವಾದ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಇದ್ದರೆ ಸಾಕು, ಒಬ್ಬರೋ ಇಬ್ಬರೋ ಎಂದು ಯಾರೂ ಕೇಳುವುದಿಲ್ಲ. ಡಾರ್ಮಿಟರಿಯಾದರೆ ಇನ್ನೂ ಅಗ್ಗ. ತಿರುವನಂತಪುರದಲ್ಲಿ ನಿಲ್ದಾಣದಿಂದ ಹೊರಬಂದು ಎರಡು ನಿಮಿಷ ನಡೆದರೆ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್. ಶಂಖದಂತೆ ಸುತ್ತುತ್ತಾ ಮೇಲೇರುವ ಆ ಕಟ್ಟಡದೊಳಗೆ, ಇಟ್ಟಿಗೆಯ ಕಿಂಡಿಗಳಿಂದ ಮಳೆ ನೋಡುತ್ತಾ ಕುಳಿತರೆ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. 1880ರ ನೇಪಿಯರ್ ಮ್ಯೂಸಿಯಂ, ರವಿವರ್ಮನ ಚಿತ್ರಗಳಿರುವ ಗ್ಯಾಲರಿ, ಮೃಗಾಲಯ ಎಲ್ಲವೂ ಒಂದೇ ಆವರಣದಲ್ಲಿವೆ. ಮಳೆ ಬಂದಾಗ ಒಳಗೆ, ಬಿಟ್ಟಾಗ ಹೊರಗೆ. ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಅಂಗಿ ತೆಗೆದು ಪಂಚೆ ಉಟ್ಟು ಹೋಗಬೇಕು. ಕೃಷ್ಣಮಠದ ಊರಿನವನಿಗೆ ಅದು ರೂಢಿಯೇ ಆದ್ದರಿಂದ ಬ್ಯಾಗಿನಲ್ಲಿ ಪಂಚೆ ಇದ್ದೇ ಇರುತ್ತದೆ.

ಕಳೆದ ಸಲದ ಖರ್ಚು ನೆನಪಿದ್ದಂತೆ ಹೀಗೆ: ಸ್ಲೀಪರ್ ಹೋಗಿಬರಲು 800ರೊಳಗೆ, ಉಡುಪಿ–ಮಂಗಳೂರು ಬಸ್ಸಿಗೆ 200ರ ಆಸುಪಾಸು, ತಂಗಲು 500, ಊಟ ತಿಂಡಿಗೆ 600, ಟಿಕೆಟ್ ಮತ್ತು ಆಟೋಗೆ 300. ಅಂದರೆ 2,400, ಕೊಚ್ಚಿಯ ಅರ್ಧಕ್ಕಿಂತಲೂ ಕಡಿಮೆ. ಶೂ ಬಿಟ್ಟು ರಬ್ಬರ್ ಚಪ್ಪಲಿಗೆ ಇಳಿದದ್ದು ಸಣ್ಣ ಬದಲಾವಣೆಯಾದರೂ ಅದರಿಂದ ಸಿಕ್ಕ ಸುಖ ದೊಡ್ಡದು. ರೈನ್‌ಕೋಟ್ ಎರಡು ಸಲ ಪ್ರಯತ್ನಿಸಿ ಬಿಟ್ಟೆ, ಒಳಗೆ ಬೆವರಿ ಅಷ್ಟೇ ಒದ್ದೆಯಾಗುತ್ತೇವೆ. ಅಗಲದ ಕೊಡೆಯೇ ಸರಿ. ಬ್ಯಾಗಿಗೆ ಈಗ 60 ರೂಪಾಯಿಯ ಬೀಗ ಉಂಟು.

ಬುಧವಾರ ಸಂಜೆ ಅಲ್ಲಿಂದ ಮಾವೇಲಿ ಹತ್ತಿದರೆ ಗುರುವಾರ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ. ಕಳೆದ ಆಟಿಯಲ್ಲಿ ಹಾಗೆ ಬಂದು ಕುಳಿತಾಗ ಭಾವ ಬಂದಿದ್ದರು. ನನ್ನ ಚೀಟಿಯಲ್ಲಿದ್ದ ಖರ್ಚನ್ನು ಎರಡು ಸಲ ಕೂಡಿಸಿ ನೋಡಿ, ಮಾವೇಲಿ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಕೇಳಿದರು.