ಕರಾವಳಿಯ ಹಳೇ ಪೇಟೆಗಳಿಗೆ ನಾನು ಹೋಗುವುದು ಮಳೆಗಾಲದಲ್ಲೇ

ಮೂಡುಬಿದಿರೆ, ಭಟ್ಕಳ, ಬಾರ್ಕೂರು, ಕಾರ್ಕಳ ನೋಡಲು ಡಿಸೆಂಬರೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾನು ಜುಲೈನಲ್ಲಿ ಕೊಡೆ ಹಿಡಿದು ಹೊರಡುತ್ತೇನೆ. ಇಲ್ಲಿನ ಬಸದಿ, ದೇವಸ್ಥಾನ ಕಟ್ಟಿದವರು ಮಳೆಯನ್ನು ಲೆಕ್ಕಕ್ಕಿಟ್ಟೇ ಕಟ್ಟಿದ್ದಾರೆ. ಅದು ತಿಳಿಯಬೇಕಾದರೆ ಮಳೆ ಸುರಿಯುವಾಗಲೇ ನೋಡಬೇಕು, ಅಲ್ವಾ?

ಮೂಡುಬಿದಿರೆಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹಿಡಿಯುತ್ತೇನೆ. ಊರಲ್ಲಿ 18 ಬಸದಿಗಳಿವೆ. ಜಾಸ್ತಿ ಜನ 1430ರ ಸಾವಿರ ಕಂಬದ ಬಸದಿ ನೋಡಿ ವಾಪಸ್ ಹೋಗುತ್ತಾರೆ. ಅದು ಭವ್ಯವೇ, ಎರಡು ಮಾತಿಲ್ಲ. ಆದರೆ ನನಗೆ ಇಷ್ಟ ಸುತ್ತಲಿನ ಚಿಕ್ಕ ಬಸದಿಗಳು. ಪೂಜೆ ಮಾಡುವ ಇಂದ್ರರು ಸಿಕ್ಕರೆ ಕೇಳಿ ಒಳಗೆ ಹೋಗುತ್ತೇನೆ. ಇಲ್ಲದಿದ್ದರೆ ಅಂಗಳದಲ್ಲೇ ನಿಂತು ಮಾಡನ್ನು, ಅಂದರೆ ಚಾವಣಿಯನ್ನು, ನೋಡುತ್ತೇನೆ. ಅಗಲದ ಕಲ್ಲು ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿದ್ದಾರೆ. ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ಸಪೂರದ ಕಲ್ಲಿನ ಪಟ್ಟಿ, ಬಡಗಿ ಹಲಗೆಯ ಸಂದಿಗೆ ರೀಪು ಹೊಡೆದ ಹಾಗೆ. ನೀರು ಆ ಪಟ್ಟಿಗೆ ಬಡಿದು ಎರಡೂ ಕಡೆ ಸೀಳಿ ಕೆಳಗಿಳಿಯುತ್ತದೆ. ಮರದ ಕೆಲಸ ಗೊತ್ತಿದ್ದ ಕೈಗಳೇ ಕಲ್ಲನ್ನೂ ಪಳಗಿಸಿದಂತಿದೆ.

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲಿ ಇದೇ ಜಾಣ್ಮೆ ಗೋಡೆಗೂ ಬಂದಿದೆ. ಸುತ್ತ ಕಲ್ಲಿನದೇ ತಡಿಕೆ. ಗಾಳಿ, ಬೆಳಕು ಒಳಗೆ ಬರುತ್ತವೆ, ಇರಚಲು ಹೊರಗೇ ಉಳಿಯುತ್ತದೆ. ಒಂದು ಒಳ್ಳೇ ಮಳೆ ಹೊಡೆಯುವ ತನಕ ಅಲ್ಲಿ ಕಾಯಿರಿ.

ಬಾರ್ಕೂರಿಗೆ ಬ್ರಹ್ಮಾವರದಲ್ಲಿ ಇಳಿದು ಹೋಗುತ್ತೇನೆ. ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ರಾಜ್ಯಪಾಲರು ಕೂತು ಆಳಿದ ಊರು. ಈಗ ಗದ್ದೆ, ತೋಟ, ಕೇರಿಗೊಂದು ದೇವಸ್ಥಾನ. ಇಲ್ಲಿ ನಡೆದೇ ನೋಡಬೇಕು, ಕಾರಿನಲ್ಲಿ ಸುತ್ತಿದರೆ ಏನೂ ಸಿಗುವುದಿಲ್ಲ. ಕತ್ತಲೆ ಬಸದಿಯ ಹತ್ತಿರ ಕಲ್ಲಿನ ಮೇಲೆಲ್ಲ ಹಾವಸೆ ಕಟ್ಟಿರುತ್ತದೆ. ಸವೆದ ಚಪ್ಪಲಿ ಬೇಡ. ಶಾಸನದ ಕಲ್ಲುಗಳನ್ನು ಮುಟ್ಟಿ, ಉಜ್ಜಿ ಓದಲು ಹೋಗಬೇಡಿ. ಅಕ್ಷರ ಮೊದಲೇ ಸವೆದಿವೆ. ಒದ್ದೆಯಾದ ಕಲ್ಲಿಗೆ ಓರೆಯಿಂದ ಟಾರ್ಚ್ ಬಿಟ್ಟರೆ ಸಾಕು, ಸಾಲುಗಳು ಎದ್ದು ಕಾಣುತ್ತವೆ.

ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಮಾತ್ರ ಮಳೆ ಬಿಟ್ಟಾಗ ಹತ್ತುತ್ತೇನೆ. ಬಂಡೆ ಜಾರುತ್ತದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿಯ ಎದುರಿಗೇ, ಕೆಳಗೆ, 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, 108 ಕಂಬ. ಮಳೆ ಮತ್ತೆ ಶುರುವಾದರೆ ಅದರ ಜಗಲಿಗೆ ಓಡಿ, ಜಾಗ ಬೇಕಾದಷ್ಟಿದೆ.