ತುಕ್ಕು ಹಿಡಿಸಿ, ತೊಳೆದು, ನಿಲ್ಲಿಸಿದ ಬಗೆ

ಮಿಶ್ರ ಮಾಧ್ಯಮದ ಫಲಕದ (ಬಣ್ಣ, ಲೋಹ, ಅಚ್ಚು ಹೀಗೆ ಹಲವು ವಸ್ತು ಸೇರಿಸಿ ಮಾಡುವ ಚಿತ್ರದ) ಮೇಲೆ ಕಬ್ಬಿಣದ ಪುಡಿ ಹಚ್ಚಿ ಹಿಡಿಸಿದ ನಿಜವಾದ ತುಕ್ಕು ನಿಲ್ಲುವುದಿಲ್ಲ ಅಂತ ಹೇಳದವರೇ ಇರಲಿಲ್ಲ. ಆರು ತಿಂಗಳಲ್ಲಿ ಉದುರುತ್ತೆ, ವಾರ್ನಿಷ್ ಒಳಗಿಂದಲೇ ಹಳದಿ ನೀರು ಇಳಿಯುತ್ತೆ, ಸುಮ್ಮನೆ ಕಂದು ಬಣ್ಣ ಬಳಿದು ತುಕ್ಕಿನ ಹಾಗೆ ತೋರಿಸಿದರೆ ಸಾಲದೇ ಅನ್ನುವವರೇ ಎಲ್ಲ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ನನ್ನ ಮೊದಲ ಇಪ್ಪತ್ತು-ಇಪ್ಪತ್ತೆರಡು ಫಲಕಗಳಿಗೆ ಆದದ್ದು ಅದೇ ಗತಿ. ಈಗ ಒಂದು ಪರೀಕ್ಷಾ ಫಲಕ ಸ್ನಾನದ ಕೋಣೆಯ ಗೋಡೆಯ ಮೇಲೆ ದಿನಕ್ಕೆರಡು ಸಲ ಬಿಸಿನೀರಿನ ಹಬೆ ಕುಡಿಯುತ್ತಾ ಹದಿನಾಲ್ಕು ತಿಂಗಳು ಕಳೆದಿದೆ. ಉದುರಿಲ್ಲ, ಇಳಿದಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಕಲೆ ಬಂದಿದೆ, ಅದರ ಕಾರಣ ಕೊನೆಗೆ ಹೇಳ್ತೀನಿ.

ಎಲ್ಲರೂ ಎಡವುವುದು ಒಂದೇ ಕಡೆ. ತುಕ್ಕು ಚೆನ್ನಾಗಿ ಬಂತು ಅಂದ ಕೂಡಲೇ ಅದರ ಮೇಲೆ ವಾರ್ನಿಷ್ ಹೊಡೆದು ಮುಚ್ಚುತ್ತಾರೆ. ಒಳಗೆ ಉಪ್ಪು ಉಳಿದಿರುತ್ತದೆ. ಉಪ್ಪಿನ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ಒಳಗೊಳಗೇ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ, ವಾರ್ನಿಷ್ ಗುಳ್ಳೆಯೇಳುತ್ತದೆ, ಗುಳ್ಳೆ ಒಡೆದು ಹಳದಿ ಹನಿ ಇಳಿಯುತ್ತದೆ. ಸಮುದ್ರದಿಂದ ಎತ್ತಿದ ಹಳೆಯ ಕಬ್ಬಿಣವನ್ನು ವಸ್ತುಸಂಗ್ರಹಾಲಯದ ಸಂರಕ್ಷಕರು ಕ್ಷಾರದ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿಡುವುದು ಈ ಕ್ಲೋರೈಡ್ ಹೊರಬರಲಿ ಅಂತಲೇ. ಅದೇ ಕೆಲಸವನ್ನು ಚಿತ್ರಕ್ಕೂ ಮಾಡಿದರೆ ಹೇಗೆ ಅನ್ನುವುದಷ್ಟೇ ನನ್ನ ಯೋಚನೆ. ಉಳಿದದ್ದೆಲ್ಲ ಚಿತ್ರ ಆ ನೆನೆಸುವಿಕೆಯನ್ನು ತಾಳಿಕೊಳ್ಳುವಂತೆ ಮಾಡಿದ ಏರ್ಪಾಡು.

ತಾಳಿಕೊಳ್ಳಬೇಕೆಂದರೆ ಮೊದಲು ಹಲಗೆ ಸರಿಯಿರಬೇಕು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೊದಲ ದಿನವೇ ಅಂಚಿನಲ್ಲಿ ಊದಿಕೊಂಡಿತು. ಪ್ಲೈವುಡ್ ಎರಡು ನೆನೆತ ತಡೆಯಿತು, ಮೂರನೆಯದಕ್ಕೆ ಬಾಗಿತು. ದಪ್ಪ ಹತ್ತಿಯ ಕಾಗದದ ಮೇಲೆ ತುಕ್ಕು ಸೊಗಸಾಗಿ ಬರುತ್ತದೆ, ಆದರೆ ಕಬ್ಬಿಣ ಮತ್ತು ಆಮ್ಲ ಸೇರಿ ಕಾಗದದ ನಾರನ್ನೇ ತಿಂದುಹಾಕುತ್ತವೆ. ಕಬ್ಬಿಣದ ಶಾಯಿಯಲ್ಲಿ ಬರೆದ ಹಳೆಯ ಕಾಗದಪತ್ರಗಳಲ್ಲಿ ಅಕ್ಷರವಿದ್ದ ಜಾಗವೇ ತೂತಾಗಿರುವುದನ್ನು ನೋಡಿದವರಿಗೆ ಇದು ಗೊತ್ತು. ಕೊನೆಗೆ ಗೆದ್ದದ್ದು ಅಂಗಡಿಗಳ ನಾಮಫಲಕ ಮಾಡುವವರು ಕತ್ತರಿಸಿ ಬಿಸಾಡುವ ಎಸಿಪಿ ಹಾಳೆ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್), 3 ಅಥವಾ 4 ಮಿ.ಮೀ. ದಪ್ಪದ್ದು. ನೀರು ಕುಡಿಯುವುದಿಲ್ಲ, ಬಾಗುವುದಿಲ್ಲ, ತುಂಡುಗಳಿಗೆ ದುಡ್ಡೂ ಕೇಳುವುದಿಲ್ಲ. ಮೇಲಿನ ನುಣುಪು ಹೋಗುವವರೆಗೆ 220ರ ಉಜ್ಜುಕಾಗದದಿಂದ ಉಜ್ಜಿ ಆಲ್ಕೋಹಾಲಿನ ಸ್ಪಿರಿಟ್‌ನಲ್ಲಿ ಒರೆಸಬೇಕು. ಹೊಳಪು ಉಳಿದ ಜಾಗದಲ್ಲಿ ಇಡೀ ಪದರ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಕತ್ತರಿಸಿದ ಅಂಚಿನಲ್ಲಿ ಅಲ್ಯೂಮಿನಿಯಂ ತೆರೆದಿರುತ್ತದೆ, ಉಪ್ಪುನೀರು ಅದನ್ನೂ ಬಿಡುವುದಿಲ್ಲ. ಅಂಚಿಗೆ ಎಣ್ಣೆಯ ಎನಾಮೆಲ್ ಎರಡು ಕೋಟು ಹೊಡೆಯಿರಿ.

ತಳಪದರದಲ್ಲಿ ನಾನು ಕಳೆದುಕೊಂಡಷ್ಟು ಸಮಯ ಬೇರೆಲ್ಲೂ ಕಳೆದುಕೊಂಡಿಲ್ಲ. ಸಿದ್ಧ ಜೆಸ್ಸೊ (ಚಿತ್ರಕ್ಕೆ ತಳವಾಗಿ ಬಳಿಯುವ ಬಿಳಿ ಲೇಪ) ಬಳಿದು, ಕಬ್ಬಿಣ ಹಚ್ಚಿ, ವಿನೆಗರ್ ಸಿಂಪಡಿಸಿದರೆ ಸಣ್ಣಗೆ ನೊರೆ ಬರುತ್ತಿತ್ತು, ತುಕ್ಕು ಮಾತ್ರ ಅಲ್ಲಲ್ಲಿ ತೇಪೆ ತೇಪೆ. ಬಹಳಷ್ಟು ಜೆಸ್ಸೊಗಳಲ್ಲಿ ಇರುವುದು ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ವಿನೆಗರನ್ನು ಅಲ್ಲೇ ಸಾಯಿಸುತ್ತದೆ, ಬಿಡುಗಡೆಯಾದ ಅನಿಲ ಪದರದಲ್ಲಿ ಸೂಜಿತೂತು ಮಾಡುತ್ತದೆ. ಅಮೃತಶಿಲೆಯ ಪುಡಿಯೂ ಅದೇ ಜಾತಿ. ಸ್ಪೇನಿನ ಕಲಾವಿದ ಆಂಟೋನಿ ಟಾಪಿಯೆಸ್ ಚಿತ್ರಗಳಂಥ ಗೋಡೆಮೈ ಬೇಕು ಅಂತ ಅದನ್ನು ಕಲಸಿ ಎರಡು ದೊಡ್ಡ ಫಲಕ ಹಾಳು ಮಾಡಿದ್ದಾಯಿತು. ಮೊಟ್ಟೆಯ ಚಿಪ್ಪೂ ಬೇಡ. ಸಣ್ಣ ಸ್ಫಟಿಕ ಮರಳಿನ ಪುಡಿಯನ್ನು ಹೊಳಪಿಲ್ಲದ, ಬಣ್ಣವಿಲ್ಲದ ಅಂಟಾದ ಮ್ಯಾಟ್ ಅಕ್ರಿಲಿಕ್ ಮೀಡಿಯಂನಲ್ಲಿ ಕಲಸಿದರೆ ಆಮ್ಲಕ್ಕೆ ಅದು ಜಗ್ಗುವುದಿಲ್ಲ. ಅಳತೆಯಲ್ಲಿ ಎರಡು ಪಾಲು ಮರಳು, ಒಂದು ಪಾಲು ಮೀಡಿಯಂ, ಎರಡು ಕೋಟು. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಕಲಸುವಾಗ ಎನ್95 ಮುಖಗವಸು ಹಾಕಿಕೊಳ್ಳಿ. ಒಂದು ವಾರ ಒಣಗಲು ಬಿಡಬೇಕು. ಮೂರು ದಿನಕ್ಕೇ ನೀರಿಗೆ ಹಾಕಿದ ಫಲಕಗಳಲ್ಲಿ ತಳಪದರ ಬೆಳ್ಳಗಾಗಿ ಮೆತ್ತಗಾಯಿತು, ಬೆರಳಿಟ್ಟರೆ ಬೆರಳಿಗೇ ಬಂತು.

ಚಿತ್ರದ ಅಚ್ಚು ಇಳಿಸುವುದಿದ್ದರೆ, ಅಂದರೆ ಮುದ್ರಿತ ಚಿತ್ರವನ್ನು ಜೆಲ್ ಹಚ್ಚಿ ಫಲಕಕ್ಕೆ ಅಂಟಿಸಿ ಇಳಿಸುವುದಿದ್ದರೆ, ಕಬ್ಬಿಣಕ್ಕಿಂತ ಮೊದಲೇ ಇಳಿಸಿ. ಟೋನರಿನ (ಜೆರಾಕ್ಸ್ ಅಥವಾ ಲೇಸರ್ ಮುದ್ರಣದ) ಪ್ರತಿಯೇ ಆಗಬೇಕು, ಇಂಕ್‌ಜೆಟ್ ಕದಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ತುಕ್ಕು ತಾಗದಂತೆ ಅಚ್ಚಿನ ಮೇಲೆ ದ್ರವ ಲೇಟೆಕ್ಸ್ (ಆಮೇಲೆ ಸುಲಿದು ತೆಗೆಯಬಹುದಾದ ರಬ್ಬರ್ ಹಾಲು) ಹಚ್ಚಿ ಮುಚ್ಚಿಡಿ. ಮೇಣ ಹಚ್ಚಿ ನೋಡಿದ್ದೆ, ಅದರ ಜಿಡ್ಡು ಉಳಿದು ಆಮೇಲೆ ವಾರ್ನಿಷ್ ಕೂರಲಿಲ್ಲ. ತುಕ್ಕು ಬಂದ ಮೇಲೆ ಅದರ ಮೇಲೆಯೇ ಅಚ್ಚು ಇಳಿಸುವ ಆಸೆ ಬೇಡ. ಜೆಲ್‌ನಲ್ಲಿರುವ ನೀರು ಸಾಕು, ಮರುದಿನ ಬೆಳಿಗ್ಗೆ ಮುಖದ ತುಂಬ ಕಿತ್ತಳೆ ಚುಕ್ಕೆ.

ಕಬ್ಬಿಣದ ಪುಡಿ. ಅಂಗಡಿಯ ತುಕ್ಕಿನ ಬಣ್ಣದ ಕಿಟ್ ಒಂದಕ್ಕೆ ಕೊಡುವ ದುಡ್ಡಿನಲ್ಲಿ ನನ್ನ ವಿಧಾನದಲ್ಲಿ ಹೆಚ್ಚುಕಡಿಮೆ ಮೂವತ್ತು ಫಲಕ ಆಗುತ್ತವೆ, ಏಕೆಂದರೆ ವೆಲ್ಡಿಂಗ್ ಶೆಡ್ಡಿನ ಗ್ರೈಂಡರ್ ಕೆಳಗೆ ಬೀಳುವ ಪುಡಿಗೆ ಬೆಲೆಯೇ ಇಲ್ಲ. ಅದನ್ನು ತಂದ ಹಾಗೇ ಬಳಸುವಂತಿಲ್ಲ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯ ಮೇಲೆ ಆಡಿಸಿ, ಅಂಟಿದ್ದನ್ನು ಬೇರೆ ತಟ್ಟೆಗೆ ಕೊಡವಿ. ಕೆಳಗೆ ಉಳಿಯುವುದು ಕಲ್ಲಿನ ಚೂರು, ಅಲ್ಯೂಮಿನಿಯಂ. ಹೀಗೆ ಮೂರು ಸಲ. ಲೇತ್‌ನ ಸಿಬಿರಾದರೆ ಎಣ್ಣೆ ಇರುತ್ತದೆ, ಸೀಮೆಎಣ್ಣೆಯಲ್ಲಿ ಒಮ್ಮೆ, ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ಎರಡು ಸಲ ತೊಳೆದು ತಕ್ಷಣ ಬಿಸಿ ತಗಡಿನ ಮೇಲೆ ಒಣಗಿಸಬೇಕು. ಎಣ್ಣೆ ಉಳಿದ ಜಾಗದಲ್ಲಿ ತುಕ್ಕು ಬರುವುದೇ ಇಲ್ಲ, ಬೂದು ದ್ವೀಪಗಳ ಹಾಗೆ ಕಾಣುತ್ತದೆ. ಸ್ಟೇನ್‌ಲೆಸ್ ಕತ್ತರಿಸುವ ಶೆಡ್ಡಿನಿಂದ ತಂದ ಒಂದು ಡಬ್ಬಿ ಪುಡಿಯೂ ಹೀಗೇ ಕೈಕೊಟ್ಟಿತು. ಅದರಲ್ಲೂ ಅಯಸ್ಕಾಂತಕ್ಕೆ ಅಂಟುವ ಕೆಲವು ಬಗೆಗಳಿವೆ, ಆದ್ದರಿಂದ ಮೊದಲು ಒಂದು ಚಿಟಿಕೆಯನ್ನು ವಿನೆಗರ್ ಹಾಕಿ ಒಂದು ರಾತ್ರಿ ಇಟ್ಟು ನೋಡಿ. ಕೊನೆಗೆ ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ.

ಅಂಟಿನ ಪ್ರಮಾಣದ ಮೇಲೆ ಎಲ್ಲವೂ ನಿಂತಿದೆ. ತೂಕದಲ್ಲಿ ಎರಡು ಪಾಲು ಕಬ್ಬಿಣಕ್ಕೆ ಒಂದು ಪಾಲು ಮೀಡಿಯಂ ಹಾಕಿದಾಗ ಪ್ರತಿ ಕಣದ ಸುತ್ತ ಪ್ಲಾಸ್ಟಿಕ್ ಕವಚ ಕಟ್ಟಿ ತುಕ್ಕೇ ಬರಲಿಲ್ಲ. ಹತ್ತಕ್ಕೆ ಒಂದು ಮಾಡಿದಾಗ ಅದ್ಭುತ ಬಣ್ಣ, ಆದರೆ ಊದಿದರೆ ಹಾರಿಹೋಗುತ್ತಿತ್ತು. ಐದಕ್ಕೆ ಒಂದರಲ್ಲಿ ನಿಂತೆ. 100 ಗ್ರಾಂ ಪುಡಿ, 20 ಗ್ರಾಂ ಮೀಡಿಯಂ, ಸುಮಾರು 10 ಮಿ.ಲೀ. ನೀರು. ಪದರ ಒಣಗಿದ ಮೇಲೂ ಉಸಿರಾಡುವಷ್ಟು ರಂಧ್ರ ಉಳಿಯುತ್ತದೆ. ತುಕ್ಕಿನ ನೀರು ಒಳಹೋಗುವುದೂ, ಆಮೇಲೆ ಉಪ್ಪು ಹೊರಬರುವುದೂ ಆ ರಂಧ್ರಗಳಿಂದಲೇ. 40×60 ಸೆಂ.ಮೀ. ಫಲಕದ ಅರ್ಧ ಭಾಗಕ್ಕೆ ಹತ್ತಿರ ಹತ್ತಿರ 120 ಗ್ರಾಂ ಪುಡಿ ಬೇಕು. ಆಗ ಎಷ್ಟು ಬೇಕೋ ಅಷ್ಟೇ ಕಲಸಿ. ಉಳಿಸಿ ಮುಚ್ಚಿಟ್ಟರೆ ಮರುದಿನ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ಮುದ್ದೆ ಇರುತ್ತದೆ.

ತುಕ್ಕು ಬರಲು ಸಿಂಪಡಿಸುವ ದ್ರವ ಈ ಕೆಲಸ ಮಾಡುವವರೆಲ್ಲ ಬಳಸುವುದೇ. 3% ಹೈಡ್ರೋಜನ್ ಪೆರಾಕ್ಸೈಡ್ 200 ಮಿ.ಲೀ., 5% ಬಿಳಿ ವಿನೆಗರ್ 25 ಮಿ.ಲೀ., ಅರ್ಧ ಚಮಚ ಉಪ್ಪು. ಒಂದು ಬದಲಾವಣೆ ಮಾಡಿಕೊಂಡಿದ್ದೇನೆ: ಉಪ್ಪು ಮೊದಲ ಸಿಂಪರಣೆಗೆ ಮಾತ್ರ, ಉಳಿದ ನಾಲ್ಕೈದಕ್ಕೆ ಉಪ್ಪಿಲ್ಲದ ದ್ರವ. ತುಕ್ಕು ಬರಲು ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ತೊಳೆಯುವ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ. ಕಬ್ಬಿಣ ಇನ್ನೂ ಸ್ವಲ್ಪ ಅಂಟಂಟಾಗಿರುವಾಗಲೇ ಮೊದಲ ಸಿಂಪರಣೆ ಆಗಬೇಕು. ಈ ದ್ರವವನ್ನು ಮುಚ್ಚಳ ಬಿಗಿದು ಇಡಲೇಬೇಡಿ. ಪೆರಾಕ್ಸೈಡ್ ಒಡೆಯುತ್ತಾ ಅನಿಲ ಕೂಡುತ್ತದೆ, ಕಬ್ಬಿಣದ ಒಂದು ಕಣ ಒಳಗೆ ಬಿದ್ದರಂತೂ ಇನ್ನೂ ಜೋರು. ನನ್ನ ಒಂದು ಬಾಟಲಿ ಚೆಂಡಿನ ಹಾಗೆ ಉಬ್ಬಿತ್ತು. ವಿನೆಗರ್ ಜೊತೆ ಸೇರಿದ ಪೆರಾಕ್ಸೈಡ್ ಕಣ್ಣು ಚರ್ಮಕ್ಕೂ ಒಳ್ಳೆಯದಲ್ಲ: ಕನ್ನಡಕ, ಕೈಗವಸು, ತೆರೆದ ಕಿಟಕಿ. ಬ್ಲೀಚ್ ಹತ್ತಿರಕ್ಕೂ ತರಬೇಡಿ.

ಬಣ್ಣ ನಮ್ಮ ಕೈಯಲ್ಲಿರುತ್ತದೆ. ತೆರೆದ ಗಾಳಿಯಲ್ಲಿ ಒದ್ದೆ-ಒಣ ಆಟ ಆಡಿಸಿದರೆ ಕಿತ್ತಳೆ. ಸಿಂಪಡಿಸಿದ ಕೂಡಲೇ ಪಾಲಿಥಿನ್ ಹಾಳೆ ಹೊದಿಸಿದರೆ, ಹಾಳೆ ಅಂಟಿದಲ್ಲಿ ಗಾಳಿ ಸಿಗದೆ ಕಪ್ಪು-ಕಂದು, ಸುಕ್ಕು ಎದ್ದಲ್ಲಿ ಕಿತ್ತಳೆಯ ಗೆರೆ. ಈ ಸುಕ್ಕುಗಳನ್ನು ಬೇಕಾದ ದಿಕ್ಕಿಗೆ ಕಟ್ಟುವುದು ಕೈಯಭ್ಯಾಸ, ಬರೆದು ತಿಳಿಯುವಂಥದಲ್ಲ.

ಈಗ ತೊಳೆಯುವುದು. ಮೊದಲೆರಡು ದಿನ ಬಟ್ಟೆ ತೊಳೆಯುವ ಸೋಡಾದ ನೀರು, ಲೀಟರಿಗೆ 5 ಗ್ರಾಂ. ಅಗಲ ತಟ್ಟೆಯಲ್ಲಿ ಫಲಕವನ್ನು ಮುಖ ಮೇಲೆ ಮಾಡಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸಿ. ಸೋಡಾ ಉಳಿದ ವಿನೆಗರನ್ನು ಕೊಲ್ಲುತ್ತದೆ, ಕ್ಷಾರದಲ್ಲಿ ಕಬ್ಬಿಣ ಹೊಸದಾಗಿ ತುಕ್ಕಾಗದೆ ಸುಮ್ಮನಿರುತ್ತದೆ. ಆ ಸಮಯದಲ್ಲಿ ಕ್ಲೋರೈಡ್ ಹೊರಬರುತ್ತದೆ. ಆಮೇಲೆ ಭಟ್ಟಿ ಇಳಿಸಿದ ನೀರು. ಎಷ್ಟು ಸಲ ಅಂತ ಊಹೆ ಮಾಡುತ್ತಿದ್ದ ಕಾಲಕ್ಕೇ ನನ್ನ ಫಲಕಗಳು ಹಾಳಾದವು. ನೀರಿನ ಫಿಲ್ಟರ್ ಪರೀಕ್ಷಿಸುವ ಪೆನ್ನಿನಂಥ, ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ತಂದ ಮೇಲೆ ಊಹೆ ನಿಂತಿತು. ಹೊಸ ನೀರಿನಲ್ಲಿ 2 ಅಥವಾ 3 ತೋರಿಸುತ್ತದೆ. ಫಲಕ ಮುಳುಗಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ಮೊದಲ ಸಲ 400 ದಾಟುತ್ತದೆ, ಎರಡನೆಯದಕ್ಕೆ ನೂರೈವತ್ತರ ಆಸುಪಾಸು, ನಾಲ್ಕನೆಯದಕ್ಕೆ ಮೂವತ್ತು. ಅರ್ಧ ಗಂಟೆಯಲ್ಲಿ 10ಕ್ಕಿಂತ ಕಡಿಮೆ ಏರಿದರೆ ಕೆಲಸ ಮುಗಿಯಿತು. ನನಗೆ ಸಾಮಾನ್ಯವಾಗಿ ಆರು ನೆನೆತ ಬೇಕಾಗುತ್ತದೆ. ಮೀಟರ್ ಸೋಡಾವನ್ನೂ ಎಣಿಸುತ್ತದೆ, ಆದ್ದರಿಂದ ಸೋಡಾ ನೀರಿನಲ್ಲಿ ಅದ್ದಿ ಗಾಬರಿಯಾಗಬೇಡಿ. ಮುಖವನ್ನು ಉಜ್ಜಬೇಡಿ, ಈ ಹಂತದಲ್ಲಿ ಪದರ ನೆನೆದ ರೊಟ್ಟಿಯ ಹಾಗಿರುತ್ತದೆ. ಕೊನೆಯ ನೆನೆತದಿಂದ ತೆಗೆದ ಕೂಡಲೇ, ಒದ್ದೆಯಿರುವಾಗಲೇ, ಲೇಟೆಕ್ಸನ್ನು ಅಂಚಿನಿಂದ ಉರುಳಿಸುತ್ತಾ ಎತ್ತಿಬಿಡಿ.

ಕಪ್ಪು ಬೇಕಾದಲ್ಲಿ ಟ್ಯಾನಿನ್, ಅಂದರೆ ಚಹಾ, ಅಳಲೆಕಾಯಿಗಳಲ್ಲಿರುವ ಒಗರು ಪದಾರ್ಥ. 10 ಗ್ರಾಂ ಚಹಾಪುಡಿಯನ್ನು 200 ಮಿ.ಲೀ. ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಸೋಸಿದರೆ ಸಾಕಾಗುತ್ತದೆ. ಅಳಲೆಕಾಯಿ ಪುಡಿ ಇನ್ನೂ ಚುರುಕು, ಬಣ್ಣ ನೀಲಿಗಪ್ಪಿನ ಕಡೆಗೆ ಹೋಗುತ್ತದೆ. ಕುಂಚದಲ್ಲಿ ಹಚ್ಚಿ ಒಂದು ಗಂಟೆ ಕಾಯಿರಿ. ಸೋಡಾ ಸರಿಯಾಗಿ ಹೋಗಿರದಿದ್ದರೆ ಮಂಕು ಕಂದಿನಲ್ಲೇ ನಿಂತುಬಿಡುತ್ತದೆ. ಇದು ಬಣ್ಣವೊಂದೇ ಅಲ್ಲ, ತುಕ್ಕಿನ ಮೇಲೆ ಕಬ್ಬಿಣ-ಟ್ಯಾನಿನ್ ಸೇರಿದ ಟ್ಯಾನೇಟಿನ ಗಟ್ಟಿ ಪದರ ಕಟ್ಟುವುದರಿಂದ ಆ ಭಾಗ ಹೆಚ್ಚು ದಿನ ಬಾಳುತ್ತದೆ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಕೆಟ್ಟ ಸ್ಪೀಕರ್‌ನ ಅಯಸ್ಕಾಂತವನ್ನು ಹಾಳೆಯ ಹಿಂಬದಿಗೆ ಅಂಟಿಸಿ, ಮುಂದೆ ಹಸಿ ಕಬ್ಬಿಣದ ಮುದ್ದೆ ಹಚ್ಚಿದರೆ ಪುಡಿ ಮುಳ್ಳುಹಂದಿಯ ಮೈಯಂತೆ ಎದ್ದು ನಿಲ್ಲುತ್ತದೆ. ಅಂಚಿನಲ್ಲಿ ಮೊನೆಗಳು ಹೊರಕ್ಕೆ ಬಾಗಿರುತ್ತವೆ, ನಡುವೆ ನೆಟ್ಟಗೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಡ್ಡ ಬರುವುದಿಲ್ಲವಾದ್ದರಿಂದ ಎಸಿಪಿ ಇಲ್ಲೂ ಉಪಕಾರಿ. ಹನ್ನೆರಡು ಗಂಟೆಗೆ ಮುಂಚೆ ಅಯಸ್ಕಾಂತ ತೆಗೆದರೆ ಎಲ್ಲ ಮಲಗಿಬಿಡುತ್ತವೆ. ತೊಳೆಯುವಾಗ ಮೊನೆ ಮುರಿಯದಂತೆ ನೋಡಿಕೊಳ್ಳುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಾಮ್ರದ ಕಡೆಗೂ ಹೋಗಿ ಬಂದೆ. ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ 1977-78ರಲ್ಲಿ ತಾಮ್ರದ ಬಣ್ಣ ಬಳಿದ ಕ್ಯಾನ್ವಾಸಿಗೆ ಮೂತ್ರ ಬೀಳಿಸಿ ಹಸಿರು ಹಿಡಿಸಿದ ಸರಣಿ ಪ್ರಸಿದ್ಧ. ನಾನು ಬಳಸಿದ್ದು ಅಮೋನಿಯದ ಹಬೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ಒಂದು ದಿನ. ನೀಲಿ ಚೆನ್ನಾಗಿ ಬಂತು. ಖರ್ಚು ಉಳಿಸಲು ಮೋಟಾರ್ ವೈಂಡಿಂಗ್ ತಂತಿ ಹಾಕಿದ್ದು ದಂಡ, ಅದರ ಮೇಲೆ ಎನಾಮೆಲ್ ಲೇಪ ಇರುತ್ತದೆ, ಏನೂ ಆಗಲಿಲ್ಲ. ಕಬ್ಬಿಣ ಮತ್ತು ತಾಮ್ರ ಒಂದೇ ಫಲಕದಲ್ಲಿ ತಾಗಿಕೊಂಡಿದ್ದರೆ ತಾಮ್ರದ ಹಸಿರು ನೀರು ಹರಿದು ಕಬ್ಬಿಣದ ಮೇಲೆ ಕೆಂಪು ತಾಮ್ರವಾಗಿ ಕೂರುತ್ತದೆ, ಸುತ್ತಲಿನ ಕಬ್ಬಿಣ ಇನ್ನೂ ಬೇಗ ಕರಗಲು ಶುರುವಾಗುತ್ತದೆ. ಎರಡನ್ನೂ ಬಯಸುವವರು ನಡುವೆ ಬೆರಳಗಲ ಜಾಗ ಬಿಡಿ.

ಒಣಗಿಸುವಾಗ ಅವಸರ ಬೇಡ: ಫ್ಯಾನಿನ ಕೆಳಗೆ ಒಂದು ದಿನ, ಬಿಸಿಲಿನಲ್ಲಿ ಎರಡು ದಿನ. ನೀರು ಬೇಗ ಹೋಗಲಿ ಅಂತ ಸ್ಪಿರಿಟ್ ಸುರಿದು ನೋಡಿದ್ದೆ, ಅಕ್ರಿಲಿಕ್ ಮೆತ್ತಗಾಗಿ ಧೂಳೆಲ್ಲ ಅಂಟಿಕೊಂಡಿತು. ಸಂರಕ್ಷಕರು ಕಬ್ಬಿಣಕ್ಕೆ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನೂ ಅಸಿಟೋನ್‌ನಲ್ಲಿ ಕರಗಿಸಿ ಕುಂಚದಲ್ಲಿ ಹಚ್ಚಿದೆ. ಅಸಿಟೋನ್ ಕೆಳಗಿನ ಪದರವನ್ನೇ ಎತ್ತಿಕೊಂಡು ಬಂತು. ನೀರಿನ ವಾರ್ನಿಷ್ ಅಂತೂ ಮತ್ತೆ ತುಕ್ಕನ್ನು ಎಬ್ಬಿಸುತ್ತದೆ. ಮೇಲಿನ ಆಲ್ಕೋಹಾಲ್ ಅಲ್ಲದ, ಪೆಟ್ರೋಲಿಯಂ ಮೂಲದ ಮಿನರಲ್ ಸ್ಪಿರಿಟ್‌ನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಷ್ ಒಂದೇ ಎರಡೂ ಕಡೆಯ ತಾಪತ್ರಯ ತಪ್ಪಿಸಿದ್ದು. ಮೊದಲ ಕೋಟು ಅರ್ಧಕ್ಕರ್ಧ ತೆಳುಮಾಡಿ, ಅದು ಪೂರ್ತಿ ಒಳಗೆ ಇಂಗಬೇಕು. ಆಮೇಲೆ ದಿನ ಬಿಟ್ಟು ದಿನ ಇನ್ನೆರಡು. ಒಟ್ಟು ಖರ್ಚಿನ ಮುಕ್ಕಾಲು ಪಾಲು ಈ ವಾರ್ನಿಷ್‌ನದೇ. ಇಲ್ಲಿ ಉಳಿಸಲು ಹೋಗಿ ಎರಡೇ ಕೋಟು ಹೊಡೆದ ನಾಲ್ಕು ಫಲಕಗಳು ಮಳೆಗಾಲ ಕಳೆಯುವಷ್ಟರಲ್ಲಿ ಮುಖ ಕೆಡಿಸಿಕೊಂಡವು.

ಸ್ನಾನದ ಕೋಣೆಯ ಫಲಕದ ಮೂಲೆಯ ಕಲೆ ಉಗುರಿನಷ್ಟು ಅಗಲ. ತೂಗುಹಾಕಲು ಎಲ್ಲ ಮುಗಿದ ಮೇಲೆ ಅಲ್ಲಿ ತೂತು ಕೊರೆದೆ. ಡ್ರಿಲ್ ಕಬ್ಬಿಣದ ಪದರವನ್ನು ಸೀಳಿಕೊಂಡು ಹೋಯಿತು, ಸೀಳಿದ ಅಂಚಿಗೆ ವಾರ್ನಿಷ್ ಇರಲಿಲ್ಲ. ಈಗ ಉಜ್ಜುವುದಕ್ಕೂ ಮೊದಲೇ ತೂತು ಕೊರೆದು, ಒಳಗೋಡೆಗೂ ಎನಾಮೆಲ್ ಹಚ್ಚಿ, ಅದರ ಸುತ್ತ ಎರಡು ಬೆರಳು ಜಾಗ ಕಬ್ಬಿಣವಿಲ್ಲದೆ ಬಿಡುತ್ತೇನೆ.